ಮೊದಲು ನೀರು, ಆಮೇಲೆ ಪೆಟ್ರೋಲ್

ಕರೆಂಟಿಲ್ಲದ ಹೊಲಕ್ಕೇ ಹೋಗಿ ಭತ್ತ ಕೊಯ್ಯುವ ಮಷಿನ್, ಟ್ರ್ಯಾಕ್ಟರ್ ತೊಳೆದುಕೊಡುವುದು ನನ್ನ ಕೆಲಸ. ಕಲಬುರಗಿಯಿಂದ ಹೊರಟು ಜೇವರ್ಗಿ, ಶಹಾಪುರ, ಸುರಪುರದವರೆಗೆ ತಿರುಗುತ್ತೇನೆ. ನೀರನ್ನು ಜೋರಾಗಿ ಚಿಮ್ಮಿ ತೊಳೆಯುವ ಪೆಟ್ರೋಲ್ ಪ್ರೆಷರ್ ವಾಷರ್ ತಂದಾಗ ಊರಲ್ಲಿ ವಾಷಿಂಗ್ ಸೆಂಟರ್ ಇಟ್ಟುಕೊಂಡ ಗೆಳೆಯರು ಒಂದೇ ಮಾತು ಹೇಳಿದರು: "ನಮ್ ಬಿಸಲಿಗೆ ಇದು ತಡಿಯಂಗಿಲ್ಲ ನೋಡು, ಕರೆಂಟಿಂದು ತಗೋಬೇಕಿತ್ತು." ಮೊದಲ ವರ್ಷ ಅವರ ಮಾತೇ ನಿಜ ಅನ್ನಿಸಿತು. ಈಗ ಮೂರನೇ ವರ್ಷ. ಮೊದಲಿನದು ಕೆಟ್ಟ ಮೇಲೆ ಹಾಕಿಸಿದ ಪಂಪನ್ನು ಎರಡು ಹಂಗಾಮಿನಿಂದ ಬಿಚ್ಚಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮಷಿನ್ 6.5 ಎಚ್‌ಪಿ. ಆಗ 32 ಸಾವಿರ ಚಿಲ್ಲರೆ ಕೊಟ್ಟಿದ್ದೆ. ಮೊದಲ ಪಂಪ್ ಹೋದದ್ದು ಬಿಸಿಲಿಗೆ ಅಲ್ಲ, ನೀರಿಗೆ. ನೆಲದ ಮೇಲೆ ಡ್ರಮ್ ಇಟ್ಟು, ಅರ್ಧ ಇಂಚಿನ ತೆಳು ಪೈಪ್ ಹಾಕಿ, ಪಂಪೇ ಎಳೆದುಕೊಳ್ಳುತ್ತದೆ ಅಂದುಕೊಂಡಿದ್ದೆ. ಪೈಪ್ ಒಳಗೆ ಎಳೆದುಕೊಂಡು ಚಪ್ಪಟೆಯಾಗುತ್ತಿತ್ತು. ನೀರಿನ ಜೊತೆ ಗಾಳಿಯೂ ಸೇರುತ್ತಿತ್ತು. ಸೀಲ್ ಸುಟ್ಟವು. ರಿಪೇರಿಗೆ ಸುಮಾರು 2,200. ಮತ್ತೆ ಅದೇ ತಪ್ಪು ಮಾಡಿದೆ, ಆಗ ಇಡೀ ಪಂಪೇ ಬದಲಿಸಬೇಕಾಯಿತು. ಏಳು ಸಾವಿರದ ಹತ್ತಿರ ಹೋಯಿತು.

ಈಗ 500 ಲೀಟರ್ ಟಾಕಿ ಗೂಡ್ಸ್ ಗಾಡಿಯ ಮೇಲೆ, ಮಷಿನ್ ಕೆಳಗೆ. ನಡುವೆ ಒಂದು ಇಂಚಿನ ಗಟ್ಟಿ ಪೈಪ್, ಉದ್ದ ಎರಡು ಮಾರು ಅಷ್ಟೇ. ನೀರು ತಾನಾಗಿ ಇಳಿಯುತ್ತದೆ. ನಾಝಲ್ (ಗನ್ನಿನ ತುದಿಯ ಮೂತಿ) ಹಾಕದೆ ಗನ್ ಒತ್ತಿ ಹಿಡಿಯುತ್ತೇನೆ. ಮೊದಲು ಬುಸ್ ಬುಸ್ ಅಂತ ಗಾಳಿ ಬರುತ್ತದೆ. ಗುಳ್ಳೆ ನಿಂತು ನೀರು ಒಂದೇ ಸಮ ಬರುವವರೆಗೆ ಇಂಜಿನ್ ಹಗ್ಗ ಮುಟ್ಟುವುದಿಲ್ಲ. ಒಮ್ಮೆ ಬಂದ್ ಮಾಡಿ ಮತ್ತೆ ಚಾಲೂ ಮಾಡುವಾಗ ಹಗ್ಗ ಬಿಗಿಯಾಯಿತಾ? ಒಳಗೆ ಪ್ರೆಷರ್ ನಿಂತಿದೆ ಅಂತ ಅರ್ಥ. ಗನ್ ಒತ್ತಿ ಬಿಡಿ, ಹಗ್ಗ ಸಲೀಸಾಗಿ ಬರುತ್ತದೆ. ಇಂಜಿನ್ ಓಡುತ್ತಿರುವಾಗ ಗನ್ ಬಿಟ್ಟು ಮಾತಿಗೆ ನಿಲ್ಲಬೇಡಿ. ಅದೇ ನೀರು ಪಂಪಿನೊಳಗೆ ಸುತ್ತಿ ಸುತ್ತಿ ಕಾಯುತ್ತದೆ. ಎರಡು ನಿಮಿಷ ಮೀರಿದರೆ ನಾನು ಇಂಜಿನ್ ಬಂದ್ ಮಾಡುತ್ತೇನೆ.

ಪೆಟ್ರೋಲಿನ ಕಥೆ ಬೇರೆ. ಮೊದಲ ಹಂಗಾಮು ಮುಗಿದಾಗ ಮೂರು ಲೀಟರ್ ಉಳಿದಿತ್ತು. ಕ್ಯಾನಿನಲ್ಲಿ ಸುಮ್ನೆ ಇಟ್ಟೆ, ಮಳೆಗಾಲ ಕಳೆಯಿತು. ಅದನ್ನೇ ಹಾಕಿ ಹಗ್ಗ ಎಳೆದೆ. ಎರಡು ಸಲ ಕೆಮ್ಮಿ ನಿಂತಿತು. ಕಾರ್ಬ್ಯುರೇಟರ್ ಬಿಚ್ಚಿದರೆ ಬಟ್ಟಲಿನ ತಳದಲ್ಲಿ ನೀರು, ಅಂಟು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗದವರೆಗೆ ಎಥನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ, ತೇವ ಜಾಸ್ತಿಯಾದರೆ ನೀರಿನ ಜೊತೆ ತಳಕ್ಕೆ ಕೂರುತ್ತದೆ. ಸಾಫ್ ಮಾಡಿಸಲು 800 ಹೋಯಿತು. ಅದಕ್ಕಿಂತ ಆ ದಿನದ ಎರಡು ಕೆಲಸ ತಪ್ಪಿದ್ದು ಹೆಚ್ಚು ನೋವು. ಈಗ ಆಯಾ ದಿನಕ್ಕೆ ಬೇಕಾದ ನಾಲ್ಕು ಲೀಟರ್ ಮಾತ್ರ. ಗಂಟೆಗೆ ಒಂದೂಕಾಲು ಲೀಟರ್ ಕುಡಿಯುತ್ತದೆ. ಸಂಜೆ ಪೆಟ್ರೋಲಿನ ಕಾಕ್ ಬಂದ್ ಮಾಡಿ, ನೀರು ಬಿಟ್ಟುಕೊಂಡೇ ಇಂಜಿನ್ ಓಡಿಸುತ್ತೇನೆ. ಕಾರ್ಬ್ಯುರೇಟರ್ ಖಾಲಿಯಾಗಿ ತಾನೇ ನಿಲ್ಲಬೇಕು.

ತುಂಬುವಾಗ ಒಂದು ಸಲ ಜೀವ ಬಾಯಿಗೆ ಬಂದಿತ್ತು. ಏಪ್ರಿಲ್, ಸುರಪುರದ ಹತ್ತಿರ, ನಡು ಮಧ್ಯಾಹ್ನ. ಅವಸರಕ್ಕೆ ಬಿಸಿ ಇಂಜಿನ್ನಿಗೇ ಪೆಟ್ರೋಲ್ ಹಾಕಿದೆ. ಸೈಲೆನ್ಸರ್ ಮೇಲೆ ಚೆಲ್ಲಿ ಭುಸ್ಸೆಂದು ಹೊಗೆ ಎದ್ದಿತು. ಬೆಂಕಿ ಹತ್ತಲಿಲ್ಲ, ದೇವರು ದೊಡ್ಡವನು. ಆ ದಿನದಿಂದ ಹದಿನೈದು ನಿಮಿಷ ತಣಿಯಲು ಬಿಡುತ್ತೇನೆ, ಹೊಲದವರು ಎಷ್ಟೇ ಅವಸರ ಮಾಡಲಿ. ಕ್ಯಾನ್ ಗಾಡಿಯ ಮೇಲಲ್ಲ, ನೆಲದ ಮೇಲಿಟ್ಟು ತೆರೆಯುತ್ತೇನೆ. ಟ್ಯಾಂಕ್ ಬಾಯಿ ತನಕ ತುಂಬುವುದಿಲ್ಲ, ಎರಡು ಬೆರಳು ಖಾಲಿ. ನಮ್ಮ ಬಿಸಿಲಿಗೆ ಪೆಟ್ರೋಲ್ ಉಬ್ಬುತ್ತದೆ.

ಆಯಿಲ್ ಬಗ್ಗೆ ಒಂದೇ ಮಾತು. ಒಮ್ಮೆ ಒಡ್ಡಿನ ಇಳಿಜಾರಿನಲ್ಲಿ ಮಷಿನ್ ಇಟ್ಟು ಅರ್ಧ ಗಂಟೆ ಹಗ್ಗ ಎಳೆದೆ, ಭುಜ ಬಿದ್ದುಹೋಯಿತು. ಆಯಿಲ್ ಸರಿಯಾಗೇ ಇತ್ತು. ವಾಲಿದ್ದಕ್ಕೆ ಆಯಿಲ್ ಕಡಿಮೆ ಇದೆ ಅಂತ ಸೆನ್ಸರ್ ಇಂಜಿನ್ ತಡೆದಿತ್ತು. ಒಂದು ಫರ್ಸಿ (ಹಾಸುಗಲ್ಲು) ತುಂಡು ಕೆಳಗೆ ಕೊಟ್ಟು ಸಮ ಮಾಡಿದೆ, ಮೊದಲ ಎಳೆತಕ್ಕೇ ಚಾಲೂ.

ಫರ್ಸಿ ಅಂದಾಗ ನೆನಪಾಯಿತು. ಶಹಾಬಾದ್ ಕಲ್ಲಿನ ಅಂಗಳ ತೊಳೆದು ನೋಡಿದ್ದೆ. ಸೂಜಿಯಂತೆ ಒಂದೇ ಧಾರೆ ಬಿಡುವ ಕೆಂಪು ನಾಝಲ್‌ಗೆ ಗೆರೆ ಬಿದ್ದವು. ನೀರು ಅಗಲವಾಗಿ ಹರಡುವ ಹಸಿರಿನಲ್ಲಿ, ಒಂದು ಗೇಣು ದೂರದಿಂದ ಹೊಡೆದರೆ ಚಂದ ಬಂತು. ಮನೆ ಕೆಲಸಕ್ಕೆ ಕೆಂಪು ಬಳಸಲೇಬೇಡಿ.

ಕಾಲುವೆ ನೀರು ತುಂಬುವಾಗ ಹಳೇ ಸೀರೆ ನಾಲ್ಕು ಮಡಿಕೆ ಮಾಡಿ ಟಾಕಿ ಬಾಯಿಗೆ ಕಟ್ಟುತ್ತೇನೆ. ಆದರೂ ಪಂಪಿನ ಜಾಲರಿ ದಿನಾ ತೆಗೆದು ನೋಡಬೇಕು. ಟೈರಿಗೆ ಮೆತ್ತಿದ ಎರೆ ಮಣ್ಣಿಗೆ ಬರೀ ಪ್ರೆಷರ್ ಸಾಲದು. ಅರ್ಧ ಗಂಟೆ ಮೊದಲೇ ಸೋಪಿನ ನೀರು ಹೊಡೆದು ನೆನೆಸುತ್ತೇನೆ. ಅದರಲ್ಲಿ ಇನ್ನೊಂದು ಸಾಮಾನು ಸೇರಿಸುತ್ತೇನೆ, ಅದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯುವುದಿಲ್ಲ. ಟ್ರ್ಯಾಕ್ಟರಿಗೆ 500, ಕೊಯ್ಯುವ ಮಷಿನ್ನಿಗೆ ಎರಡು ಸಾವಿರದ ಆಸುಪಾಸು ಸಿಗುತ್ತದೆ. ಹೋದ ಹಂಗಾಮಿಗೆ ಮಷಿನ್ನಿನ ದುಡ್ಡು, ಕೆಟ್ಟ ಪಂಪಿನ ದುಡ್ಡು ಎರಡೂ ಕೈಗೆ ಬಂದವು.