ನನ್ನ ಎಸ್‌ಯುವಿ 2,000 ಕೆಜಿ ಎಳೆಯುವಂತೆ ಮಾಡಿದ ಬಗೆ

ಭಾರದ ಟ್ರೈಲರ್ ಎಳೀಬೇಕು ಅಂದ ಕೂಡಲೇ ಎಲ್ಲರ ಗಮನ ಎಂಜಿನ್ ಕಡೆಗೆ ಹೋಗುತ್ತದೆ. ನಾನು ಎಂಜಿನ್ ಮುಟ್ಟಲೇ ಇಲ್ಲ. ಮೊದಲು ಗಾಡಿಯ ಮ್ಯಾನುಯಲ್ ತೆಗೆದು ನೋಡಿದೆ. ಎಳೆಯುವ ಮಿತಿ ಮಾಮೂಲಿ ಗಾಡಿಗೆ 1,500 ಕೆಜಿ, ಟೋಯಿಂಗ್ ಪ್ಯಾಕೇಜ್ ಇರುವ ಅದೇ ಮಾಡೆಲ್‌ಗೆ 2,250 ಕೆಜಿ ಅಂತ ಇತ್ತು. ಎಂಜಿನ್, ಆಕ್ಸಲ್, ಚಾಸಿ ಎಲ್ಲಾ ಒಂದೇ. ಹೆಚ್ಚಿಗೆ ಇದ್ದದ್ದು ಗಟ್ಟಿ ಹಿಚ್ (ಟ್ರೈಲರ್ ಸಿಕ್ಕಿಸಲು ಗಾಡಿಯ ಹಿಂದೆ ಕೂರಿಸುವ ಚೌಕಟ್ಟು), ಗೇರ್‌ಬಾಕ್ಸ್ ಆಯಿಲ್ ಕೂಲರ್ ಮತ್ತು ಟ್ರೈಲರ್ ಬ್ರೇಕಿನ ವೈರಿಂಗ್. ಸಾಮಾನು ತುಂಬಿದ ನನ್ನ ಟ್ರೈಲರ್ ತೂಕ 2,000 ಕೆಜಿ. ಹಾಗಾಗಿ ಆ ಪ್ಯಾಕೇಜನ್ನೇ ನನ್ನ ಗಾಡಿಗೂ ಹಾಕಿಸಿದರೆ ಸಾಕಿತ್ತು.

ಕೆಲವು ಮಾಡೆಲ್‌ಗಳಲ್ಲಿ ಪ್ಯಾಕೇಜಿನ ಜೊತೆ ಆಕ್ಸಲ್ ರೇಷಿಯೋ (ಆಕ್ಸಲ್‌ನ ಗೇರ್ ಅನುಪಾತ), ರೇಡಿಯೇಟರ್ ಕೂಡ ಬೇರೆ ಇರುತ್ತವೆ. ಅದಕ್ಕೇ ಚಾಸಿ ನಂಬರ್ ಕೊಟ್ಟು, ಈ ಭಾಗಗಳು ಸೇರಿದರೆ 2,250 ಅನ್ವಯಿಸುತ್ತದೆ ಅಂತ ಡೀಲರ್ ಕಡೆಯಿಂದ ಬರಹದಲ್ಲೇ ತೆಗೆದುಕೊಂಡೆ. ಅದರ ಮೇಲೆ ಹೋಗುವ ಮಾತೇ ಇಲ್ಲ. ಹೊರಗಿನ ಯಾವ ಸಾಮಾನು ಹಾಕಿದರೂ ಕಂಪನಿಯ ಗರಿಷ್ಠ ಮಿತಿ ಏರುವುದಿಲ್ಲ.

ಹಿಚ್ ಕೆಲಸ ಸುಲಭ. ಚಾಸಿಯಲ್ಲಿ ಮೊದಲೇ ಇರುವ ತೂತುಗಳಿಗೆ ಬೋಲ್ಟ್ ಹಾಕಿ ಟಾರ್ಕ್ ರೆಂಚ್‌ನಿಂದ ಬಿಗಿ ಮಾಡಿದರಾಯಿತು. ಆದರೆ ಹಿಚ್, ಟ್ರೈಲರ್ ಕೂರುವ ಬಾಲ್ (ಕಬ್ಬಿಣದ ಗುಂಡು), ಅದನ್ನು ಹಿಡಿದಿಡುವ ಬಾಲ್ ಮೌಂಟ್ ಎಲ್ಲದರ ಮೇಲೂ ಅದರದರ ಮಿತಿ ಬರೆದಿರುತ್ತದೆ. ಅವುಗಳಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ.

ಗೇರ್‌ಬಾಕ್ಸ್ ಕೂಲರ್ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಭಾರ ಎಳೆದುಕೊಂಡು ಘಾಟಿ ಹತ್ತುವಾಗ ಆಟೋಮ್ಯಾಟಿಕ್ ಗಾಡಿಯ ಟಾರ್ಕ್ ಕನ್ವರ್ಟರ್, ಅಂದರೆ ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ, ಜಾರುತ್ತದೆ. ಆ ಜಾರುವಿಕೆಯೆಲ್ಲ ಬಿಸಿಯಾಗಿ ಆಯಿಲ್‌ಗೆ ಸೇರುತ್ತದೆ. ಸುಮಾರು 95 ಡಿಗ್ರಿವರೆಗೆ ಆಯಿಲ್ ಆರಾಮಾಗಿರುತ್ತದೆ. 120 ದಾಟಿತೆಂದರೆ ಬೇಗ ಕೆಡುತ್ತದೆ, ಕ್ಲಚ್ ಪ್ಲೇಟುಗಳಿಗೂ ಪೆಟ್ಟು. ರೇಡಿಯೇಟರ್ ಒಳಗಿನ ಕೂಲರ್‌ನಿಂದ ಹೊರಬಂದ ಆಯಿಲ್ ಹೊಸ ಕೂಲರ್ ದಾಟಿ ಗೇರ್‌ಬಾಕ್ಸ್‌ಗೆ ಮರಳುವಂತೆ ಪೈಪ್ ಜೋಡಿಸಿದೆ. ಜೊತೆಗೆ ಒಂದು ಟೆಂಪರೇಚರ್ ಮೀಟರ್ ಕೂಡ ಹಾಕಿದೆ. ಮುಳ್ಳು ಏರತೊಡಗಿದರೆ ಗೇರ್ ಇಳಿಸುತ್ತೇನೆ. ಕನ್ವರ್ಟರ್ ಲಾಕ್ ಆಗಿ ಜಾರುವುದು ನಿಂತ ಕೂಡಲೇ ಮುಳ್ಳು ಕೆಳಗೆ ಬರುವುದು ಕಣ್ಣಿಗೇ ಕಾಣುತ್ತದೆ.

ಟ್ರೈಲರ್‌ಗೆ ಎಲೆಕ್ಟ್ರಿಕ್ ಬ್ರೇಕ್ ಇತ್ತು, ಅದನ್ನು ನಿಯಂತ್ರಿಸುವ ಕಂಟ್ರೋಲರನ್ನು ಗಾಡಿಯೊಳಗೆ ಹಾಕಿಸಿದೆ. ಖಾಲಿ ಸಮತಟ್ಟು ರಸ್ತೆಯಲ್ಲಿ 40 ಕಿಮೀ ವೇಗದಲ್ಲಿ ಕಂಟ್ರೋಲರ್‌ನ ಕೈಲಿವರ್ ಒತ್ತಿ, ಬ್ರೇಕಿನ ಬಲವನ್ನು ಟ್ರೈಲರ್ ಚಕ್ರ ಲಾಕ್ ಆಗುವ ಸ್ವಲ್ಪ ಮೊದಲಿಗೆ ಸೆಟ್ ಮಾಡಿದೆ.

ಇನ್ನು ಮೂತಿಭಾರ, ಅಂದರೆ ಟ್ರೈಲರ್‌ನ ಮುಂತುದಿ ಹಿಚ್ ಮೇಲೆ ಹಾಕುವ ಭಾರ. ಟ್ರೈಲರ್ ತೂಕದ 10ರಿಂದ 15 ಶೇಕಡ ಇರಬೇಕು. ಕಡಿಮೆಯಾದರೆ ಟ್ರೈಲರ್ ಬಾಲ ಆಡಿಸುತ್ತದೆ, ಅದು ನಿಜಕ್ಕೂ ಅಪಾಯ. ನನ್ನದು 220 ಕೆಜಿ. ಇದು ಗಾಡಿ ಹೊರುವ ಭಾರದ ಲೆಕ್ಕಕ್ಕೇ ಸೇರುತ್ತದೆ ಅನ್ನುವುದು ಎಷ್ಟೋ ಜನರಿಗೆ ಹೊಳೆಯುವುದೇ ಇಲ್ಲ. ನನ್ನ ಗಾಡಿ ಹೊರುವುದು 600 ಕೆಜಿ. ಅದರಲ್ಲಿ 220 ಕಳೆದರೆ ಜನ, ಸಾಮಾನು ಎಲ್ಲಾ ಸೇರಿ ಉಳಿಯುವುದು 380. ಹಿಚ್ಚಿನ ತೂಕವೂ ಅದರಲ್ಲೇ ಹೋಗಬೇಕು.

ಅಷ್ಟು ಭಾರ ಹಿಂದೆ ಕೂತಾಗ ಗಾಡಿಯ ಮೂತಿ ಮೇಲೇಳುತ್ತದೆ, ಸ್ಟೀರಿಂಗ್ ಹಗುರಾಗುತ್ತದೆ. ಮ್ಯಾನುಯಲ್ ಒಪ್ಪುತ್ತಿತ್ತು, ಹಾಗಾಗಿ ವೆಯ್ಟ್ ಡಿಸ್ಟ್ರಿಬ್ಯೂಶನ್ ಹಿಚ್, ಅಂದರೆ ಸ್ಪ್ರಿಂಗ್ ಬಾರ್‌ಗಳ ಬಲದಿಂದ ಭಾರದ ಒಂದು ಪಾಲನ್ನು ಮುಂದಿನ ಚಕ್ರಗಳಿಗೆ ವಾಪಸ್ ಹಂಚುವ ಹಿಚ್, ಹಾಕಿದೆ. ಇದನ್ನು ಬೇಡ ಅನ್ನುವ ಕಂಪನಿಗಳೂ ಇವೆ, ನೋಡಿಕೊಳ್ಳಿ. ಸೆಟ್ ಮಾಡಲು ಟೇಪ್ ಒಂದಿದ್ದರೆ ಸಾಕು. ಟ್ರೈಲರ್ ಇಲ್ಲದೆ ಮುಂದಿನ ಚಕ್ರದ ಕಮಾನು ನೆಲದಿಂದ 86 ಸೆಂಮೀ ಇತ್ತು. ಟ್ರೈಲರ್ ಕೊಂಡಿ ಹಾಕಿದಾಗ 89 ಆಯಿತು. ಸ್ಪ್ರಿಂಗ್ ಬಾರ್‌ಗಳ ಚೈನನ್ನು ಒಂದೊಂದೇ ಕೊಂಡಿ ಬಿಗಿ ಮಾಡುತ್ತಾ 87ಕ್ಕೆ ಇಳಿಸಿದೆ. ಪೂರ್ತಿ 86ಕ್ಕಿಂತ ಕೆಳಗೆ ಎಳೆಯಬಾರದು, ಹಿಂದಿನ ಚಕ್ರದ ಹಿಡಿತ ಹೋಗುತ್ತದೆ. ಗಾಡಿಯ ಹಿಂಭಾಗಕ್ಕೆ ಏರ್‌ಬ್ಯಾಗ್ ಸ್ಪ್ರಿಂಗ್ (ಗಾಳಿ ತುಂಬುವ ಸ್ಪ್ರಿಂಗ್) ಹಾಕಿಸು ಅಂತ ಸಲಹೆ ಕೊಟ್ಟವರಿದ್ದರು. ಅದು ಹಿಂಭಾಗವನ್ನು ಎತ್ತುತ್ತದೆ ಅಷ್ಟೇ, ಮುಂದಿನ ಚಕ್ರಕ್ಕೆ ಭಾರ ವಾಪಸ್ ಕೊಡುವುದಿಲ್ಲ. ಹಾಗಾಗಿ ಬಿಟ್ಟೆ.

ಕೊನೆಗೆ ಎಲ್ಲರೂ ಕೂತು, ಟ್ಯಾಂಕ್ ತುಂಬಿಸಿ, ವೇ ಬ್ರಿಡ್ಜ್‌ನಲ್ಲಿ ಒಂದೊಂದೇ ಆಕ್ಸಲ್ ತೂಗಿಸಿದೆ. ಒಟ್ಟು ತೂಕ ಮಿತಿಯೊಳಗಿತ್ತು, ಗಾಡಿಯ ಹಿಂದಿನ ಆಕ್ಸಲ್ ಮಾತ್ರ ಅದರ ಮಿತಿಯ ಅಂಚಿಗೆ ಬಂದಿತ್ತು. ಡಿಕ್ಕಿಯಲ್ಲಿದ್ದ ಟೂಲ್ ಬಾಕ್ಸನ್ನು ಟ್ರೈಲರ್ ಆಕ್ಸಲ್ ಮೇಲಕ್ಕೆ ಸರಿಯಾಗಿ ಬರುವಂತೆ ಇಟ್ಟು ಮತ್ತೆ ತೂಗಿಸಿದೆ. ಈಗ ಸುಮಾರು 60 ಕೆಜಿ ಜಾಗ ಉಳಿದಿದೆ.