‘ಗುಡ್’ ಎಂದರೆ ಸಾಲದು: ತರಗತಿಯಲ್ಲಿ ಮಕ್ಕಳನ್ನು ಹೊಗಳುವುದು ಹೇಗೆ?

ಮೇಷ್ಟ್ರು ಹೊರಗೆ ಹೋಗುವಾಗ ಕ್ಲಾಸ್ ಲೀಡರ್ ಕೈಗೆ ಸೀಮೆಸುಣ್ಣ ಕೊಟ್ಟು ‘ಮಾತನಾಡಿದವರ ಹೆಸರು ಬರೆ’ ಎನ್ನುವುದು ನಮ್ಮ ಶಾಲೆಗಳ ಹಳೆಯ ರೂಢಿ. ಸುಮ್ಮನೆ ಕುಳಿತು ಲೆಕ್ಕ ಮಾಡಿದವರ ಹೆಸರು ಮಾತ್ರ ಬೋರ್ಡಿನ ಮೇಲೆ ಎಂದೂ ಬರುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ಬೆತ್ತ ಬಿಟ್ಟ ಕೈಗೆ ಹೊಗಳಿಕೆ ಒದಗಬಹುದು. ಆದರೆ ಅದನ್ನು ಬಳಸುವುದಕ್ಕೂ ಒಂದು ಕ್ರಮವಿದೆ.

1. ಏನನ್ನು ಗಮನಿಸಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ಒಂದು ವಾರಕ್ಕೆ ಒಂದೋ ಎರಡೋ ನಡವಳಿಕೆ ಸಾಕು. ಬಿಸಿಯೂಟದ ಸಾಲಿನಲ್ಲಿ ತಳ್ಳಾಡದಿರುವುದು, ಇನ್ನೊಬ್ಬರು ಉತ್ತರಿಸುವಾಗ ನಡುವೆ ಬಾಯಿ ಹಾಕದಿರುವುದು, ಹೀಗೆ. ಅದನ್ನು ಮಕ್ಕಳಿಗೂ ತಿಳಿಸಿ.

2. ಮಗುವಿಗೆ ಹಣೆಪಟ್ಟಿ ಹಚ್ಚಬೇಡಿ, ಅದು ಮಾಡಿದ್ದನ್ನು ಹೇಳಿ. ‘ನೀನು ತುಂಬಾ ಒಳ್ಳೆಯ ಹುಡುಗಿ’ ಎಂದರೆ ಏನು ಮಾಡಿದ್ದಕ್ಕೆ ಎಂಬುದು ಆಕೆಗೆ ತಿಳಿಯುವುದಿಲ್ಲ. ‘ತಟ್ಟೆ ತೊಳೆಯುವಾಗ ಒಂದನೇ ತರಗತಿಯ ಪುಟ್ಟನನ್ನು ನಲ್ಲಿಯ ಹತ್ತಿರ ಮುಂದೆ ಬಿಟ್ಟೆಯಲ್ಲ, ನೋಡಿದೆ. ಅವನ ಅಂಗಿ ಒದ್ದೆಯಾಗಲಿಲ್ಲ’ ಎಂದರೆ ನಾಳೆ ಮತ್ತೆ ಮಾಡಬೇಕಾದದ್ದೂ ತಿಳಿಯುತ್ತದೆ, ಅದರಿಂದ ಆದ ಉಪಕಾರವೂ ತಿಳಿಯುತ್ತದೆ. ಕಲಿಕೆಯ ವಿಷಯದಲ್ಲಿ ಇದಕ್ಕೆ ಹೋಲುವ ಸಂಗತಿಯನ್ನು ಅಮೆರಿಕದ ಮನೋವಿಜ್ಞಾನಿಗಳಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರೊಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದರು. ಐದನೇ ತರಗತಿಯ ಮಕ್ಕಳಲ್ಲಿ ‘ನೀನು ಜಾಣ’ ಎನ್ನಿಸಿಕೊಂಡವರು, ಕಷ್ಟದ ಒಗಟುಗಳಲ್ಲಿ ಸೋತ ಮೇಲೆ ಬೇಗ ಕೈಚೆಲ್ಲಿದರು. ‘ಚೆನ್ನಾಗಿ ಶ್ರಮಪಟ್ಟೆ’ ಎನ್ನಿಸಿಕೊಂಡವರು ಬಿಡದೆ ಪ್ರಯತ್ನಿಸಿದರು.

3. ಕೂಡಲೇ ಹೇಳಿ, ಎಲ್ಲರೆದುರು ಹೇಳಬೇಕೇ ಎಂದು ಯೋಚಿಸಿ. ಆಡುತ್ತಾ ಕಲಿಯುವ ನಲಿಕಲಿ ತರಗತಿಯ ಪುಟ್ಟ ಮಕ್ಕಳಿಗೆ ಇಡೀ ತರಗತಿಯ ಮಳೆ ಚಪ್ಪಾಳೆ ಹಬ್ಬವೇ ಸರಿ. ಒಂಬತ್ತನೇ ತರಗತಿಯ ಹುಡುಗನನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಮುಂದೆ ನಿಲ್ಲಿಸಿ ಹೊಗಳಿದರೋ, ಮಧ್ಯಾಹ್ನದೊಳಗೆ ಅವನು ‘ಮೇಷ್ಟ್ರ ಚಮಚ’ ಆಗಿರುತ್ತಾನೆ. ಅಂಥವರಿಗೆ ಬೆಂಚಿನ ಪಕ್ಕ ಬಗ್ಗಿ ಮೆಲ್ಲಗೆ ಹೇಳಿದ ಒಂದು ಮಾತು, ಇಲ್ಲವೇ ನೋಟ್‌ಬುಕ್ಕಿನಲ್ಲಿ ಬರೆದ ಒಂದು ಸಾಲು ಸಾಕು.

4. ತುಂಟರನ್ನು ಸರಿಯಾದ ಹೊತ್ತಿನಲ್ಲಿ ಹಿಡಿಯಿರಿ. ಎಲ್ಲಕ್ಕಿಂತ ಕಷ್ಟದ ಹೆಜ್ಜೆ ಇದು. ದಿನವಿಡೀ ಬೈಸಿಕೊಳ್ಳುವ ಹುಡುಗನೂ ಐದು ನಿಮಿಷ ಪಾಠ ಕೇಳಿರುತ್ತಾನೆ. ಆ ಐದು ನಿಮಿಷ ನಿಮ್ಮ ಕಣ್ಣಿಗೆ ಬೀಳಬೇಕು, ಬಿದ್ದದ್ದು ಅವನಿಗೆ ಗೊತ್ತಾಗಬೇಕು. ಹೊಗಳುವಾಗ ಬಾಲ ಮಾತ್ರ ಸೇರಿಸಬೇಡಿ. ‘ಇವತ್ತಾದರೂ ಸುಮ್ಮನೆ ಕೂತೆಯಲ್ಲ, ದಿನಾ ಹೀಗಿರಬಾರದೇ?’ ಎನ್ನುವುದು ಹೊಗಳಿಕೆಯ ವೇಷ ತೊಟ್ಟ ಬೈಗುಳ. ‘ಅವಳನ್ನು ನೋಡಿ ಕಲಿಯಿರಿ’ ಎಂಬುದೂ ಅದೇ ಜಾತಿಯದು: ಅದು ಒಬ್ಬಳನ್ನು ಹೊಗಳಿ ಉಳಿದವರನ್ನೆಲ್ಲ ಚುಚ್ಚುತ್ತದೆ, ಆಟದ ಬಯಲಿನಲ್ಲಿ ಅವಳನ್ನು ಒಂಟಿಯಾಗಿಸುತ್ತದೆ.

5. ಬಹುಮಾನದ ಆಸೆ ಹಚ್ಚಬೇಡಿ. ‘ಗಲಾಟೆ ಮಾಡದಿದ್ದರೆ ಚಾಕೊಲೇಟ್’ ಎಂಬುದು ಚೌಕಾಸಿ. ಚಿತ್ರ ಬಿಡಿಸುವುದನ್ನು ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಿಗೆ ಪ್ರಮಾಣಪತ್ರದ ಆಸೆ ತೋರಿಸಿದ ಮೇಲೆ, ಅವರು ತಾವಾಗಿಯೇ ಚಿತ್ರ ಬಿಡಿಸುವುದು ಕಡಿಮೆಯಾಯಿತೆಂದು 1973ರ ಅಮೆರಿಕದ ಪ್ರಸಿದ್ಧ ಪ್ರಯೋಗವೊಂದು ತೋರಿಸಿತ್ತು. ಅಪರೂಪಕ್ಕೆ, ಹೇಳದೆ ಕೊಟ್ಟರೆ ತೊಂದರೆಯಿಲ್ಲ.

6. ಮನೆಗೂ ಮುಟ್ಟಿಸಿ. ‘ಅಪ್ಪನನ್ನು ಕರೆದುಕೊಂಡು ಬಾ’ ಎಂದರೆ ದೂರು ಎಂದೇ ಅರ್ಥವಾಗಿದೆ. ಒಳ್ಳೆಯ ಸುದ್ದಿಗೂ ಒಮ್ಮೆ ಫೋನ್ ಮಾಡಿ. ಕೂಲಿಗೆ ಹೋಗುವ ತಂದೆ ತಾಯಿಯಾದರೆ ಸಂಜೆ ಮಾಡಿ.

ಹಾಜರಿಯ ಪಟ್ಟಿಯನ್ನು ಬೇರೊಂದು ಹಾಳೆಗೆ ಇಳಿಸಿಕೊಂಡು, ಹೊಗಳಿದವರ ಹೆಸರಿನ ಮುಂದೆ ಪೆನ್ಸಿಲ್‌ನಲ್ಲಿ ಒಂದು ಚುಕ್ಕೆ ಇಡುತ್ತಾ ಬನ್ನಿ. ಶನಿವಾರ ನೋಡಿದರೆ ಚುಕ್ಕೆಗಳೆಲ್ಲ ಮುಂದಿನ ಬೆಂಚಿನವರ ಹೆಸರಿನ ಮುಂದೆ ಗುಂಪುಗೂಡಿರಬಹುದು. ಗಲಾಟೆಯನ್ನೂ ಮಾಡದೆ, ಕೈಯನ್ನೂ ಎತ್ತದೆ ನಡುವಿನ ಬೆಂಚಿನಲ್ಲಿ ಕುಳಿತಿರುವವರ ಸಾಲು ಖಾಲಿಯಿದ್ದರೆ, ಸೋಮವಾರ ಅಲ್ಲಿಂದಲೇ ಶುರುಮಾಡಿ.