ಉಡುಪಿ ಜಿಲ್ಲೆಯ ಗೋಡೆ ನಕ್ಷೆ: ಬಣ್ಣಕ್ಕಿಂತ ಮೊದಲು ತಿಳಿ–ಗಾಢ

ಶಾಲೆಯ ಜಗಲಿಯ ಗೋಡೆಗೆಂದು ಉಡುಪಿ ಜಿಲ್ಲೆಯ ಎತ್ತರ–ತಗ್ಗಿನ ನಕ್ಷೆಯನ್ನು 1:1,00,000 ಅಳತೆಯಲ್ಲಿ ಮಾಡಿದೆ. ತೆಂಕಿನಿಂದ ಬಡಗಿಗೆ ಜಿಲ್ಲೆ ಸುಮಾರು ನೂರು ಕಿಲೋಮೀಟರ್. ಹಾಳೆಯ ಮೇಲೆ ಅದು ಒಂದು ಮೀಟರ್ ಆಗುತ್ತದೆ, ಎ0 ಹಾಳೆಯಲ್ಲಿ (841 × 1189 ಮಿ.ಮೀ.) ಸೂಚಿಗೂ (ಯಾವ ಬಣ್ಣ ಯಾವ ಎತ್ತರ ಎಂದು ಹೇಳುವ ಪಟ್ಟಿ) ತಲೆಬರಹಕ್ಕೂ ಜಾಗ ಉಳಿಯುತ್ತದೆ. ನೋಡುವವರು ಮೊದಲು ಎರಡು ಮೀಟರ್ ದೂರದಿಂದ ನೋಡುತ್ತಾರೆ, ಆಮೇಲೆ ಹತ್ತಿರ ಬಂದು ತಮ್ಮ ಊರು ಹುಡುಕುತ್ತಾರೆ. ಮಳೆಗಾಲದಲ್ಲಿ ಜಗಲಿಯಲ್ಲಿ ಮಬ್ಬು. ಬಣ್ಣದ ತೀರ್ಮಾನಗಳೆಲ್ಲ ಈ ದೂರ ಮತ್ತು ಈ ಬೆಳಕಿಗೆ ತಕ್ಕಂತೆ.

ಎತ್ತರದ ದತ್ತಾಂಶ ಯುರೋಪಿನ ಭೂವೀಕ್ಷಣಾ ಯೋಜನೆ ಕೋಪರ್ನಿಕಸ್‌ನ 30 ಮೀಟರ್ ಮಾದರಿ (30 ಮೀಟರಿಗೊಂದು ಬಿಂದುವಿನ ಎತ್ತರ), ನಕ್ಷೆ ತಯಾರಿಸುವ ತಂತ್ರಾಂಶ ಕ್ಯೂಜಿಐಎಸ್, ದುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಪ್ರಕ್ಷೇಪ ಯುಟಿಎಂ 43 ಉತ್ತರ. ಈ ಮಾದರಿ ನೆಲದ ಎತ್ತರವನ್ನಲ್ಲ, ಮೇಲ್ಮೈಯ ಎತ್ತರವನ್ನು ಕೊಡುತ್ತದೆ. ಘಟ್ಟದಲ್ಲಿ ಆ ವ್ಯತ್ಯಾಸ ಲೆಕ್ಕಕ್ಕಿಲ್ಲ. ಆದರೆ ಪಡುಕೆರೆಯಂಥ ಕಡಲು–ಹೊಳೆ ನಡುವಿನ ಪಟ್ಟಿಯಲ್ಲಿ ತೆಂಗಿನ ತೋಟದ ತಲೆಯೇ ನೆಲವಾಗಿ, ಮರಳಿನ ದಿಣ್ಣೆ ಗುಡ್ಡದಂತೆ ಬರುತ್ತದೆ. ಮರ, ಕಟ್ಟಡಗಳನ್ನು ಕಳೆದು ತಯಾರಿಸಿದ ಫ್ಯಾಬ್‌ಡೆಮ್ ಮಾದರಿ ಕರಾವಳಿಗೆ ಉತ್ತಮ. ವಾಣಿಜ್ಯ ಬಳಕೆಗೆ ನಿರ್ಬಂಧವಿದೆ, ಪರವಾನಗಿ ನೋಡಿಕೊಂಡೇ ಬಳಸಬೇಕು.

ಸಮಾನ ಅಂತರದ ವಿಭಾಗ ನಮ್ಮ ಜಿಲ್ಲೆಗೆ ಒಗ್ಗುವುದಿಲ್ಲ. 200 ಮೀಟರಿಗೊಂದು ಬಣ್ಣ ಕೊಟ್ಟರೆ ಮಲ್ಪೆ, ಉಡುಪಿ, ಮಣಿಪಾಲ, ಬ್ರಹ್ಮಾವರ ಎಲ್ಲ ಒಂದೇ ಬಣ್ಣಕ್ಕೆ ಬೀಳುತ್ತವೆ. ಜನ ಇರುವುದೇ ಅಲ್ಲಿ. ನಾನು ಇಟ್ಟುಕೊಂಡ ಗಡಿಗಳು 10, 40, 100, 300 ಮತ್ತು 700 ಮೀಟರ್, ಒಟ್ಟು ಆರು ವರ್ಗ. ಎಂಟು ಮಾಡಿದರೆ ಪಕ್ಕಪಕ್ಕದ ಬಣ್ಣಗಳ ಅಂತರ ಕಿರಿದಾಗಿ, ಸೂಚಿಯಲ್ಲಿ ಯಾವುದು ಯಾವುದೆಂದು ತಿಳಿಯುವುದಿಲ್ಲ. ಬೈಲು (ತಗ್ಗು), ಮಜಲು (ನಡು), ಬೆಟ್ಟು (ಎತ್ತರ) ಎಂಬ ನಮ್ಮದೇ ಹೆಸರುಗಳನ್ನು ಸೂಚಿಯಲ್ಲಿ ಬಳಸುವ ಆಸೆಯಾಗುತ್ತದೆ, ಆದರೆ ಅವು ಸುತ್ತಲಿನ ನೆಲಕ್ಕೆ ಹೋಲಿಸಿ ಹೇಳುವ ಮಾತು. ಘಟ್ಟದ ಬುಡದ ಹೆಬ್ರಿ ಕಡೆಯ ಬೈಲು ಉಡುಪಿಯ ಬೆಟ್ಟಿಗಿಂತ ಎತ್ತರದಲ್ಲಿರಬಹುದು. ಬೈಲನ್ನು ತೋರಿಸುವುದು ಇಳಿಜಾರಿಗೆ ತಕ್ಕಂತೆ ಬೆಳಕು–ನೆರಳು ಹಾಕುವ ಹಿಲ್‌ಶೇಡ್ ಪದರದ ಕೆಲಸ, ವರ್ಗದ್ದಲ್ಲ.

ತಗ್ಗಿಗೆ ಹಸಿರು, ಎತ್ತರಕ್ಕೆ ಕಂದು ಎಂಬ ಅಟ್ಲಾಸ್ ಸಂಪ್ರದಾಯವನ್ನು ಇಲ್ಲಿ ಕೈಬಿಟ್ಟೆ. ಹಸಿರು ಕಂಡರೆ ಕಾಡು ಎಂದೇ ಮಕ್ಕಳು ಓದುತ್ತಾರೆ. ನಮ್ಮಲ್ಲಿ ದಟ್ಟ ಕಾಡು ಇರುವುದು ಮೇಲೆ, ಸೋಮೇಶ್ವರ, ಮೂಕಾಂಬಿಕಾ ವನ್ಯಧಾಮಗಳ ಕಡೆ. ಆ ಸಂಪ್ರದಾಯ ಹಿಡಿದರೆ ಅಲ್ಲೇ ಬೋಳು ಕಂದು ಬರುತ್ತದೆ. ಎರಡನೆಯ ಕಾರಣ ಕಣ್ಣಿನದು. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಕೆಂಪು–ಹಸಿರು ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ಎಲ್ಲ ಜನಾಂಗಗಳಲ್ಲೂ ಅಂಥವರಿದ್ದಾರೆ. ಕ್ಯೂಜಿಐಎಸ್‌ನ ವ್ಯೂ ಮೆನುವಿನಲ್ಲಿ ಪ್ರಿವ್ಯೂ ಮೋಡ್ ಇದೆ. ಅಂಥ ಕಣ್ಣಿಗೆ ನಕ್ಷೆ ಹೇಗೆ ಕಾಣುತ್ತದೆಂದು ಅದು ತೋರಿಸುತ್ತದೆ. ಅದರಲ್ಲಿ ಡ್ಯೂಟರನೋಪಿಯಾ (ಹಸಿರಿನ ಕೋಶ ಕೆಲಸ ಮಾಡದ ಕಣ್ಣು) ಆರಿಸಿದ ಕೂಡಲೇ ನಡುಹಸಿರೂ ನಡುಕಂದೂ ಒಂದೇ ಮಣ್ಣುಬಣ್ಣವಾಗುತ್ತವೆ. ವನ್ಯಧಾಮಗಳಿಗೆ ಗಡಿಯ ಒಳಬದಿಯಲ್ಲಿ 3 ಮಿ.ಮೀ. ಹಸಿರು ಪಟ್ಟಿ, ಜೊತೆಗೆ ಹೆಸರು. ಅಷ್ಟು ಸಾಕು.

ಈಗ ಮುಖ್ಯ ವಿಷಯ. ಅಂಚು, ಗೆರೆ, ಸಣ್ಣ ಆಕಾರಗಳನ್ನು ಕಣ್ಣು ಹಿಡಿಯುವುದು ಹೆಚ್ಚಾಗಿ ತಿಳಿ–ಗಾಢದ ವ್ಯತ್ಯಾಸದಿಂದ. ಬಣ್ಣದ ವ್ಯತ್ಯಾಸ ಒರಟಾಗಿ ಮಾತ್ರ ತಲುಪುತ್ತದೆ. ತಿಳಿನೀಲಿ ಕಡಲಿನ ಪಕ್ಕ ಕೆನೆಬಣ್ಣದ ನೆಲವಿಟ್ಟರೆ ಪರದೆಯಲ್ಲಿ ಬಹಳ ಚಂದ. ಎರಡೂ ಒಂದೇ ಮಟ್ಟದ ತಿಳಿಯಾಗಿದ್ದರೆ ಎರಡು ಮೀಟರ್ ದೂರದಲ್ಲಿ ಕರಾವಳಿಯ ಅಂಚೇ ಕರಗುತ್ತದೆ. ಹಾಗಾಗಿ ಬಣ್ಣ ಆರಿಸುವಾಗ ಕೆಂಪು, ಹಸಿರು, ನೀಲಿಯ ಪಾಲು ಹೇಳುವ ಆರ್‌ಜಿಬಿ ಬಿಟ್ಟು, 1976ರ ಸಿಐಇ ಲ್ಯಾಬ್ ಪದ್ಧತಿಯ ತಿಳಿ–ಗಾಢ ಅಳೆಯುವ ಎಲ್ ಅಂಕೆಯನ್ನು ಮೊದಲು ನಿಗದಿ ಮಾಡುತ್ತೇನೆ. ಅದರಲ್ಲಿ ಕಪ್ಪು 0, ಬಿಳಿ 100. ಆರು ವರ್ಗಗಳಿಗೆ ಕೊಟ್ಟದ್ದು 95, 88, 81, 74, 67, 60. ಹೆಜ್ಜೆ ಹೆಜ್ಜೆಗೂ ಏಳು. ತಗ್ಗಿನ ಕೆನೆಬಣ್ಣ ಆರ್‌ಜಿಬಿಯಲ್ಲಿ 250, 241, 218. ಘಟ್ಟದ ತಲೆಯ ಕಂದು 178, 136, 100. ಕಡಲು 165, 198, 218, ಅದರ ಎಲ್ ಸುಮಾರು 78. ಕಡಲಿಗೆ ತಾಗುವ ನೆಲ ಬಹುಪಾಲು 95 ಅಥವಾ 88 ಆದ್ದರಿಂದ ಅಂಚು ಕಪ್ಪು–ಬಿಳುಪಿನಲ್ಲೂ ನಿಲ್ಲುತ್ತದೆ.

60ಕ್ಕಿಂತ ಕೆಳಗೆ ಇಳಿಯದಿರಲು ಕಾರಣ ಅಕ್ಷರ. ಊರ ಹೆಸರಿನ ಬಣ್ಣ ಆರ್‌ಜಿಬಿಯಲ್ಲಿ 40, 35, 30. ಕೆನೆಯ ಮೇಲೆ ಅದರ ಕಾಂಟ್ರಾಸ್ಟ್ (ತಿಳಿ–ಗಾಢದ ಅನುಪಾತ) 13ಕ್ಕೂ ಹೆಚ್ಚು, ಗಾಢ ಕಂದಿನ ಮೇಲೆ 4.9. ಸಣ್ಣ ಅಕ್ಷರಕ್ಕೆ ವೆಬ್ ಪುಟಗಳ ಓದುಸುಲಭತೆಯ ಮಾನದಂಡ ಕೇಳುವುದು 4.5. ಇನ್ನೂ ಗಾಢ ಮಾಡಿದರೆ ಘಟ್ಟದ ಊರುಗಳೇ ಓದಲು ಬಾರವು. ಎತ್ತರ ಹೆಚ್ಚಿದಂತೆ ತಿಳಿಯಾಗಿಸುವವರೂ ಇದ್ದಾರೆ. ಆದರೆ ಹೆಸರುಗಳ ದಟ್ಟಣೆ ಕರಾವಳಿಯಲ್ಲಿರುವಾಗ ಅಲ್ಲಿ ಗಾಢ ಬಣ್ಣ ತುಂಬುವುದು ಬುದ್ಧಿವಂತಿಕೆಯಲ್ಲ.

ಹಿಲ್‌ಶೇಡ್ ಪದರದಲ್ಲಿ ಕೈಕೊಡುವ ಜಾಗ ಒಂದಿದೆ. ಬೆಳಕು ವಾಯವ್ಯದಿಂದ, 315 ಡಿಗ್ರಿ, ದಿಗಂತದಿಂದ ಎತ್ತರ 45 ಡಿಗ್ರಿ. ದಿಕ್ಕು ಬದಲಿಸಿ ಹಾಳೆಯ ಕೆಳಬದಿಯಿಂದ ಬೆಳಕು ಬಿಟ್ಟರೆ ಕಣಿವೆ ಗುಡ್ಡವಾಗಿಯೂ ಗುಡ್ಡ ಕಣಿವೆಯಾಗಿಯೂ ಕಾಣುತ್ತದೆ; ಬೆಳಕು ಮೇಲಿನಿಂದ ಬರುತ್ತದೆ ಎಂದೇ ಕಣ್ಣು ನಂಬಿರುತ್ತದೆ. ಈ ಪದರವನ್ನು ಮಲ್ಟಿಪ್ಲೈ ಮಾಡಿ (ಕೆಳಗಿನ ಬಣ್ಣ ಗಾಢವಾಗುವಂತೆ ಗುಣಿಸಿ) ಹೊದಿಸಿದಾಗ ಇಡೀ ಕರಾವಳಿಗೆ ಬೂದಿ ಬಳಿದಂತಾಗುತ್ತದೆ. ಸಮತಟ್ಟಾದ ನೆಲಕ್ಕೆ 45 ಡಿಗ್ರಿ ಬೆಳಕಿನಲ್ಲಿ ಬರುವ ಅಂಕೆ ಪೂರ್ತಿ ಬಿಳಿಯ 255 ಅಲ್ಲ, 181. ಹಾಗಾಗಿ ನೆರಳಿನ ಪದರವನ್ನು ಮೊದಲು ಫೈಲಾಗಿ ಉಳಿಸಿ, ಬೂದು ಶ್ರೇಣಿಯಲ್ಲಿ ತೆರೆದು, ಗರಿಷ್ಠವನ್ನು 181ಕ್ಕೆ ಇಳಿಸಬೇಕು. ಆಗ ಸಮತಟ್ಟು ನೆಲ ಪೂರ್ತಿ ಬಿಳಿಯಾಗಿ, ಕೆಳಗಿನ ಬಣ್ಣ ಕೆಡದೆ ಉಳಿಯುತ್ತದೆ. ಬೆಳಕಿನತ್ತ ಮುಖ ಮಾಡಿದ ಇಳಿಜಾರುಗಳ ಏರಿಳಿತ ಇದರಿಂದ ಸ್ವಲ್ಪ ಮಾಸುತ್ತದೆ. ಪಡುವಣಕ್ಕೆ ಮುಖ ಮಾಡಿದ ಘಟ್ಟದ ಗೋಡೆಗೆ ಇದು ನಷ್ಟವೇ. ಅದಕ್ಕೆಂದು 181ರ ಮೇಲಿನ ಭಾಗವನ್ನಷ್ಟೇ ತಿಳಿಹಳದಿಯಾಗಿ, ಕೆಳಗಿನ ಬಣ್ಣವನ್ನು ತಿಳಿಯಾಗಿಸುವ ಸ್ಕ್ರೀನ್ ವಿಧಾನದಲ್ಲಿ ಶೇ. 20ರಷ್ಟು ದಟ್ಟಣೆಯಲ್ಲಿ ಮೇಲೆ ಸೇರಿಸಿದೆ.

ಹೊಳೆಗಳಿಗೆ ಸಾಮಾನ್ಯವಾಗಿ ಕೊಡುವ ತಿಳಿನೀಲಿ ಗೆರೆ ಗೋಡೆ ನಕ್ಷೆಯಲ್ಲಿ ಕೆಲಸ ಮಾಡುವುದಿಲ್ಲ. ದೃಷ್ಟಿ ನೆಟ್ಟಾಗ ಬಳಕೆಯಾಗುವ ಕಣ್ಣಿನ ನಟ್ಟನಡುವಿನ ಪುಟ್ಟ ಭಾಗದಲ್ಲಿ ನೀಲಿಗೆ ಸ್ಪಂದಿಸುವ ಕೋಶಗಳೇ ಇಲ್ಲ. ತೆಳು ಗೆರೆಯ ನೀಲಿತನ ಅಲ್ಲಿಗೇ ಮಾಯ. ಸ್ವರ್ಣಾ, ಸೀತಾ, ವಾರಾಹಿ ನದಿಗಳಿಗೆ 20, 75, 120ರ ಕಡುನೀಲಿ ಕೊಟ್ಟೆ, ಎಲ್ ಸುಮಾರು 31, ದಪ್ಪ 0.35ರಿಂದ 0.9 ಮಿ.ಮೀ. ರಸ್ತೆಗೆ ಕೆಂಪು ಬೇಡ. ಕೆಂಪಿನ ಕೋಶ ಕೆಲಸ ಮಾಡದವರಿಗೆ ಕಂದಿನ ಮೇಲೆ ಅದು ಕಪ್ಪು ಗೆರೆ, ಹೊಳೆಯೊಂದಿಗೆ ಗೊಂದಲ. ರಾಷ್ಟ್ರೀಯ ಹೆದ್ದಾರಿ 66 ಮತ್ತು 169ಎಗೆ ನಡುವೆ ಬಿಳಿ, ಎರಡೂ ಅಂಚಿಗೆ 0.25 ಮಿ.ಮೀ. ಕಡುಬೂದು. ಹೊಳೆ ಒಂಟಿ ಗೆರೆ, ರಸ್ತೆ ಜೋಡಿ ಗೆರೆ. ಬಣ್ಣ ನೋಡದೆಯೂ ಗುರುತು ಸಿಗುತ್ತದೆ.

ಸೂಚಿಯನ್ನು ಬಿಳಿ ಹಾಳೆಯ ಮೂಲೆಯಲ್ಲಿ ಚೌಕಗಳಾಗಿ ಇಟ್ಟರೆ ಹೊಂದುವುದಿಲ್ಲ. ಬಿಳಿಯ ನಡುವೆ ಇರುವ ಕಂದು ಗಾಢವಾಗಿ ಕಾಣುತ್ತದೆ, ಅದೇ ಕಂದು ಘಟ್ಟದ ಕಂದುಗಳ ನಡುವೆ ತಿಳಿ. ಫ್ರೆಂಚ್ ರಸಾಯನ ವಿಜ್ಞಾನಿ ಷೆವ್ರೋಲ್ 1839ರಲ್ಲೇ ವಿವರಿಸಿದ ಪಕ್ಕದ ಬಣ್ಣದ ಮಾಯೆ ಇದು. ಪರೀಕ್ಷಿಸಲು ಬೂದು ರಟ್ಟಿನಲ್ಲಿ ಎರಡು ತೂತು ಕೊರೆದು, ಒಂದನ್ನು ಸೂಚಿಯ ಮೇಲೆ, ಇನ್ನೊಂದನ್ನು ನಕ್ಷೆಯ ಮೇಲೆ ಇಡಿ. ಎರಡೂ ಒಂದೇ ಎಂಬುದು ಆಗ ಮಾತ್ರ ಕಣ್ಣಿಗೆ ಒಪ್ಪಿಗೆಯಾಗುತ್ತದೆ. ಚೌಕಗಳ ಬದಲು ಮಲ್ಪೆಯಿಂದ ಮಣಿಪಾಲ, ಹೆಬ್ರಿ ದಾಟಿ ಆಗುಂಬೆ ಕಡೆಯ ಘಟ್ಟದ ತಲೆಯವರೆಗಿನ ನೆಲದ ಅಡ್ಡಸೀಳು ಬರೆದು, ಆರೂ ಬಣ್ಣಗಳನ್ನು ಅದರಲ್ಲೇ ಒಂದರ ಮೇಲೊಂದು ತುಂಬಿದೆ. ಬಣ್ಣಗಳು ನಕ್ಷೆಯಲ್ಲಿ ಇರುವಂತೆಯೇ ಒಂದಕ್ಕೊಂದು ತಾಗುವುದರಿಂದ ಹೋಲಿಸುವುದು ಸುಲಭ.

ಊರ ಹೆಸರಿಗೆ ನೋಟೋ ಸಾನ್ಸ್ ಕನ್ನಡ ಎಂಬ ಫಾಂಟ್, ಮೀಡಿಯಂ ದಪ್ಪ. ಹಳ್ಳಿಗೆ 9 ಪಾಯಿಂಟ್, ತಾಲೂಕು ಕೇಂದ್ರಕ್ಕೆ 14. ತೆಳು ಅಕ್ಷರದಲ್ಲಿ ಬ್ರಹ್ಮಾವರದ ಒತ್ತುಗಳು ನೆರಳಿನ ಗೆರೆಗಳೊಂದಿಗೆ ಬೆರೆಯುತ್ತವೆ. ಅಕ್ಷರದ ಸುತ್ತ 0.4 ಮಿ.ಮೀ. ಕೆನೆ ಅಂಚು, ಶೇ. 70ರಷ್ಟು ದಟ್ಟಣೆಯಲ್ಲಿ. ಅದಕ್ಕಿಂತ ಅಗಲವಾದರೆ ಒತ್ತಕ್ಷರದ ಕೆಳಗಿನ ಹೊಳೆ ಅಳಿಸಿಹೋಗುತ್ತದೆ.

ಮುದ್ರಣಕ್ಕೆ ಮೊದಲು ಎ4 ಹಾಳೆಯಲ್ಲಿ ಆರು ಬಣ್ಣಗಳ 2 ಸೆಂ.ಮೀ. ಚೌಕಗಳನ್ನೂ ಘಟ್ಟದ ಒಂದು ತುಂಡನ್ನೂ ಅದೇ ಯಂತ್ರ, ಅದೇ ಕಾಗದದಲ್ಲಿ ತೆಗೆಸಬೇಕು. ಇದ್ದ ಹಾಗೆ ಒಂದು, ಎಲ್ 5 ಹೆಚ್ಚಿಸಿ ಒಂದು, 10 ಹೆಚ್ಚಿಸಿ ಒಂದು (100 ದಾಟದಷ್ಟು). ಶಾಯಿ ಕಾಗದದಲ್ಲಿ ಹರಡುವುದರಿಂದ ನಡುಬಣ್ಣಗಳು ಪರದೆಗಿಂತ ಗಾಢವಾಗಿಯೇ ಬೀಳುತ್ತವೆ. ಈ ಪರೀಕ್ಷಾ ಮುದ್ರಣವನ್ನು ಅಂಗಡಿಯ ಬೆಳಕಿನಲ್ಲಿ ಒಪ್ಪಬೇಡಿ, ಜಗಲಿಗೇ ತಂದು ಮೋಡದ ದಿನ ನೋಡಿ. ಲ್ಯಾಮಿನೇಷನ್ ಹೊಳಪಿಲ್ಲದ ಮ್ಯಾಟ್ ಇರಲಿ, ಹೊಳೆಯುವ ಗ್ಲಾಸಿಯಲ್ಲಿ ಟ್ಯೂಬ್‌ಲೈಟ್ ಮಾತ್ರ ಕಾಣುತ್ತದೆ. ಮ್ಯಾಟ್ ಹಾಳೆ ಗಾಢ ಬಣ್ಣಗಳನ್ನು ಸ್ವಲ್ಪ ಮಾಸಿಸುವುದರಿಂದ ಹೊಳೆಯ ನೀಲಿಯನ್ನು ಎಲ್ 26ಕ್ಕೆ ಇಳಿಸಿದೆ.

ಕೋಡಿಬೆಂಗ್ರೆಗೆ ಮಾತ್ರ ಬೇರೆ ಉಪಾಯ ಬೇಕಾಯಿತು. ಎರಡು ನೀಲಿಗಳ ನಡುವಿನ ಆ ಸಪೂರ ನೆಲ ಕೆಲವೇ ಮಿಲಿಮೀಟರ್. ಕೆನೆಬಣ್ಣ ನೀರಿಗೆ ಸೋರಿದಂತೆ ಕಾಣುತ್ತಿತ್ತು. ಅಲ್ಲಿ ಮಾತ್ರವಲ್ಲ, ಇಡೀ ಕರಾವಳಿಗೇ 0.2 ಮಿ.ಮೀ. ಕಡುನೀಲಿ ಅಂಚು ಎಳೆದ ಮೇಲೆ ಪಟ್ಟಿ ಬೇರೆಯಾಗಿ ನಿಂತಿತು.